ರೇಡಿಯೋ ಟೈಲರಮ್ಮನ ವಸಡಿಗೆ ತೇಪೆ

ರೇಡಿಯೋ ಟೈಲರಮ್ಮನ ಅಂಗಡಿ ಎಲ್ಲಿ ಎಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸದಿದ್ದರೂ ನಷ್ಟವಿಲ್ಲ. ಬೀದಿಯ ತಿರುವಿಗೆ ಬಂದು ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಸಾಕು, ದನಿಯೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತು, ಮಾತಿನ ಮೇಲೆ ನಗು, ನಗು ಮುಗಿಯುವ ಮುಂಚೆಯೇ ಮತ್ತೆ ಮಾತು. ಅಳತೆ ಕೊಡಲು ಬಂದವರು ಸೊಂಟದ ಸುತ್ತಳತೆಯ ಜೊತೆಗೆ ಮನೆಯ ಸುದ್ದಿಯನ್ನೂ ಕೊಟ್ಟು, ಬೇರೆ ನಾಲ್ಕು ಮನೆಯ ಸುದ್ದಿಯನ್ನು ಹೊತ್ತುಕೊಂಡು ಹೋಗುತ್ತಾರೆ. ಬಟ್ಟೆ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಸಿಗುತ್ತದೆ. ಟೈಲರುಗಳಲ್ಲಿ ಇದು ಅಪರೂಪವಾದ್ದರಿಂದ ಜನ ಮಾತನ್ನು ಸಹಿಸಿಕೊಂಡಿದ್ದರು.

ಹೇಳಿದ ದಿನಕ್ಕೆ ಬಟ್ಟೆ ಸಿಗುವುದರ ಗುಟ್ಟು ಅವಳ ಹಲ್ಲಿನಲ್ಲಿತ್ತು. ಹೊಲಿಗೆ ಮುಗಿದ ಕೂಡಲೇ ಬಟ್ಟೆಯನ್ನು ಬಾಯಿಗೆತ್ತಿ, ಕೆಳಸಾಲಿನ ಮುಂದಿನ ಹಲ್ಲಿಗೆ ದಾರ ಸಿಕ್ಕಿಸಿ, ಕಟ್ಟೆಂದು ಕಡಿದರೆ ಆಯಿತು. ಕತ್ತರಿ ಹುಡುಕುವ ಗೋಜೇ ಇಲ್ಲ. ಗುಂಡುಪಿನ್ನುಗಳ ಜಾಗವೂ ಬಾಯಿಯೇ. ತುಟಿಯಂಚಿನಲ್ಲಿ ಸಾಲಾಗಿ ಪಿನ್ನು ಕಚ್ಚಿಕೊಂಡೇ ಅವಳು ಒಂದು ಇಡೀ ಜಗಳದ ಕಥೆ ಹೇಳಿ ಮುಗಿಸಬಲ್ಲಳು. ಇದನ್ನೆಲ್ಲ ಕಲಿಸಿದವರು ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಬಟ್ಟೆರಾಶಿಯಲ್ಲಿ ಕತ್ತರಿಗಾಗಿ ತಡಕಾಡುವುದನ್ನು ನೋಡಿ, "ಬಾಯಲ್ಲೇ ಒಂದು ಕತ್ತರಿ ಇದೆ, ಇನ್ನೊಂದು ಯಾಕೆ ಹುಡುಕ್ತೀಯೇ?" ಎಂದು ತಾವೇ ಕಡಿದು ತೋರಿಸಿದ್ದರು.

ಈಗ ಅತ್ತೆಯ ಬಾಯಲ್ಲಿ ಆ ಕತ್ತರಿ ಉಳಿದಿಲ್ಲ. ಮುಂದಿನದೊಂದು ಹೋಯಿತು, ಅದರ ಹಿಂದೆಯೇ ಪಕ್ಕದ್ದು, ಆಮೇಲೆ ಒಂದೊಂದಾಗಿ ಎಲ್ಲ ಖಾಲಿ. ಈಗಿರುವುದು ಕಟ್ಟಿಸಿದ ಸೆಟ್ಟು. ಬೈಯುವಾಗ ಹಾಕಿಕೊಳ್ಳುತ್ತಾರೆ, ಊಟ ಮಾಡುವಾಗ ತೆಗೆದಿಡುತ್ತಾರೆ. ಅಂಗಡಿಯ ಎಡಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು, ಸೊಸೆಯ ಮಾತಿಗೆ ನಡುನಡುವೆ ಒಗ್ಗರಣೆ ಹಾಕುವುದು ಅವರ ಕೆಲಸ.

ಒಂದು ದಿನ ಅದೇ ಬೀದಿಯಲ್ಲಿ ಹೊಸದಾಗಿ ಹಲ್ಲಿನ ಆಸ್ಪತ್ರೆ ತೆರೆದಿದ್ದ ಡಾಕ್ಟರಮ್ಮ ಜೇಬು ಕಿತ್ತುಹೋದ ಬಿಳಿ ಕೋಟು ಹಿಡಿದು ಬಂದರು. ವಯಸ್ಸು ಚಿಕ್ಕದು, ಗಡಿಬಿಡಿ ದೊಡ್ಡದು. ಟೈಲರಮ್ಮ ಅವರನ್ನು ನಿಲ್ಲಿಸಿಕೊಂಡೇ ಜೇಬು ಹೊಲಿದು, ಬಟ್ಟೆಯನ್ನು ಬಾಯಿಗೆತ್ತಿ ಕಟ್ಟೆನ್ನಿಸಿದಳು. ಡಾಕ್ಟರಮ್ಮ ತಮ್ಮದೇ ಹಲ್ಲು ನೊಂದ ಹಾಗೆ ಮುಖ ಕಿವುಚಿದರು.

"ಅಕ್ಕ, ಒಂದ್ಸಲ ಬಾಯಿ ತೆಗೀರಿ ನೋಡೋಣ."

"ಅದು ಮುಚ್ಚಿದ್ದು ಯಾವಾಗ ಡಾಕ್ಟ್ರೇ?" ಎಂದರು ಮೂಲೆಯಿಂದ ಅತ್ತೆ.

ಡಾಕ್ಟರಮ್ಮ ಮೊಬೈಲಿನ ಬೆಳಕು ಬಿಟ್ಟು ಕೆಳತುಟಿ ಸರಿಸಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಗಡಿಬಿಡಿಯೆಲ್ಲ ಇಳಿದುಹೋಯಿತು.

"ಈ ಹಲ್ಲಿನ ವಸಡು ತುಂಬಾ ಕೆಳಗಿಳಿದುಬಿಟ್ಟಿದೆ ಅಕ್ಕ. ಹಲ್ಲಿನ ಬೇರು ಕಾಣ್ತಿದೆ. ತಣ್ಣೀರು ಕುಡಿದ್ರೆ ಜುಮ್ ಅನ್ನಲ್ವಾ?"

"ಅನ್ನುತ್ತೆ. ಅದು ನೀರಿನ ಗುಣ ಅಂದ್ಕೊಂಡಿದ್ದೆ."

"ನೀರಿನದ್ದಲ್ಲ, ದಾರ ಕಡಿಯೋದ್ರದ್ದು. ಪಿನ್ನು ಕಚ್ಚೋದ್ರದ್ದು. ಹಲ್ಲು ಉಜ್ಜೋದನ್ನೂ ಪಾತ್ರೆ ತಿಕ್ಕಿದ ಹಾಗೆ ಉಜ್ಜುತ್ತೀರಿ ಅನ್ಸುತ್ತೆ. ಹೀಗೇ ಬಿಟ್ರೆ ಹಲ್ಲು ಅಲ್ಲಾಡೋಕೆ ಶುರುವಾಗುತ್ತೆ, ಆಮೇಲೆ ಉಳಿಸೋದು ಕಷ್ಟ."

ಟೈಲರಮ್ಮ ಸೀದಾ ಎಡಮೂಲೆಯ ಸ್ಟೂಲಿನ ಕಡೆ ನೋಡಿದಳು. ಅತ್ತೆ ಎಂದರೆ ಅವಳಿಗೆ ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳಿಗ್ಗೆ ಬಚ್ಚಲಿನ ಗೂಡಿನಲ್ಲಿ ಲೋಟಕ್ಕೆ ಕೈಹಾಕಿ, ಒಳಗೆ ನೀರಲ್ಲಿ ಮುಳುಗಿ ನಗುತ್ತಿದ್ದ ಹಲ್ಲಿನ ಸಾಲನ್ನು ಕಂಡು ಇಡೀ ಮನೆ ಏಳುವಂತೆ ಕಿರುಚಿದ್ದು ಅವಳಿಗೆ ಇನ್ನೂ ಮರೆತಿಲ್ಲ. ಒಂದು ಹೋದರೆ ಉಳಿದವೂ ಹಿಂದೆಯೇ ಹೊರಡುತ್ತವೆ ಎಂಬುದನ್ನು ಅವಳು ಅತ್ತೆಯ ಬಾಯಲ್ಲಿ ಕಣ್ಣಾರೆ ಕಂಡಿದ್ದಳು. ಅಷ್ಟು ಮಾತಾಡುವ ಬಾಯಿ ಲೋಟ ಸೇರುವುದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ.

"ಹೋದ್ರೆ ಹೋಗ್ಲಿ ಬಿಡೇ. ಕಟ್ಟಿಸ್ಕೊಂಡ್ರಾಯ್ತು. ನಾನು ಬದುಕಿಲ್ವಾ?" ಎಂದರು ಅತ್ತೆ, ಕಾಜಾದಿಂದ ಕಣ್ಣು ತೆಗೆಯದೆ.

"ಬೇರೆ ದಾರಿ ಇದೆ," ಎಂದರು ಡಾಕ್ಟರಮ್ಮ. "ಅಂಗುಳಿಂದ ಒಂದು ಚೂರು ತೆಗೆದು, ಇಲ್ಲಿ ವಸಡಿನ ಮೇಲೆ ಕೂರಿಸಿ ಹೊಲಿಯೋದು."

ಟೈಲರಮ್ಮನ ಕೈಯಲ್ಲಿದ್ದ ಟೇಪು ಗಾಳಿಯಲ್ಲೇ ನಿಂತಿತು.

"ತೇಪೆ?"

"ಹೂಂ. ಒಂಥರಾ ತೇಪೆನೇ."

"ಬಾಯೊಳಗೆ ತೇಪೆ! ಅತ್ತೆ, ಕೇಳಿಸ್ತಾ? ಮೇಲಿಂದ ತೆಗೆದು ಕೆಳಗೆ ಹಾಕ್ತಾರಂತೆ! ಅಂದ್ರೆ ನಮ್ಮನ್ನ ಹೊಲಿದೋನು ಒಳಗಡೆ ಬಟ್ಟೆ ಬಿಟ್ಟೇ ಹೊಲಿದಿದಾನೆ!"

ಒಳಗಡೆ ಬಟ್ಟೆ ಬಿಡುವುದೆಂದರೆ ಟೈಲರುಗಳ ಮರ್ಯಾದೆಯ ಪ್ರಶ್ನೆ. ನಾಳೆ ಹಾಕಿಕೊಳ್ಳುವವರು ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲೆಂದು ಒಳ್ಳೆಯ ಟೈಲರು ಹೊಲಿಗೆಯ ಒಳಬದಿಗೆ ಎರಡು ಬೆರಳು ಬಟ್ಟೆ ಮಡಿಸಿಟ್ಟಿರುತ್ತಾನೆ, ಜುಗ್ಗ ಟೈಲರು ಅದನ್ನೂ ಕತ್ತರಿಸಿ ಬಿಸಾಡುತ್ತಾನೆ. ತನ್ನ ಅಂಗುಳಿನಲ್ಲೇ ಅಂಥ ಮಡಿಕೆ ಇದೆ ಎಂದು ತಿಳಿದ ಕ್ಷಣದಲ್ಲಿ ಟೈಲರಮ್ಮನ ಭಯ ಹಾರಿಹೋಗಿ ಆ ಜಾಗದಲ್ಲಿ ಬಂದು ಕೂತದ್ದು ಬರೀ ಸಡಗರ. ಆ ವಾರ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಬಾಯಿ ಬರೆದು, ಇಲ್ಲಿಂದ ತೆಗೆದು ಇಲ್ಲಿಗೆ ಎಂದು ಬಾಣ ಹಾಕಿ ತೋರಿಸಿದಳು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಬ್ಯಾಂಕಿನವರು ಪ್ಯಾಂಟು ಅಲ್ಲೇ ಮರೆತು, ತಮ್ಮ ವಸಡು ಮುಟ್ಟಿ ನೋಡಿಕೊಳ್ಳುತ್ತಾ ಮನೆಗೆ ಹೋದರು. ಬಸ್ಸು ಓಡಿಸುವ ಅವಳ ಗಂಡ ದಿನವೂ ಊಟದ ಹೊತ್ತಿಗೆ ಈ ಕಥೆಯನ್ನು ಮೊದಲಿಂದ ಕೇಳಿ, ಎಂದಿನಂತೆ "ಹೂಂ" ಎನ್ನುತ್ತಿದ್ದ. ಅವನು ಮಾತು ಕಮ್ಮಿಯ ಮನುಷ್ಯ. ಆ ಮನೆಯಲ್ಲಿ ಅವನಿಗೆ ಆಡಲು ಜಾಗವಾದರೂ ಎಲ್ಲಿತ್ತು!

ತೇಪೆ ಹಾಕುವ ದಿನ ಬಂತು. ಅವಳು ಹೊಸ ಬಟ್ಟೆ ಹಾಕಿಕೊಂಡು, ಮದುವೆಗೆ ಹೊರಟವಳ ಹಾಗೆ ಹೊರಟಳು. ಆಸ್ಪತ್ರೆಯ ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಶುರು: "ಯಾವ ದಾರ? ಎಷ್ಟನೇ ನಂಬರ್ ಸೂಜಿ? ಒಳಹೊಲಿಗೆನೋ ಮೇಲ್ಹೊಲಿಗೆನೋ?" ಡಾಕ್ಟರಮ್ಮ ನಗುತ್ತಲೇ ಎಲ್ಲ ತೋರಿಸಿದರು. ಉಗುರಿನ ತುದಿಯಂತೆ ಬಾಗಿದ ಸಣ್ಣ ಸೂಜಿ, ಅದಕ್ಕೆ ಕಣ್ಣೇ ಇಲ್ಲ! ದಾರ ಸೂಜಿಯ ಬುಡದಿಂದಲೇ ಹುಟ್ಟಿ ಬಂದಿದೆ! ಜನ್ಮವಿಡೀ ಸೂಜಿಗೆ ದಾರ ಪೋಣಿಸಿ ಕಣ್ಣು ಸವೆಸಿಕೊಂಡ ಟೈಲರಮ್ಮ ಅದನ್ನು ಕಂಡು ಕುರ್ಚಿಯಲ್ಲೇ ಎದ್ದು ಕೂತಳು. ಅವಳನ್ನು ಮತ್ತೆ ಮಲಗಿಸುವುದೇ ಒಂದು ಕೆಲಸವಾಯಿತು.

ಚುಚ್ಚುಮದ್ದು ಕೊಟ್ಟ ಮೇಲೆ ಬಾಯಿ ಮರದ ತುಂಡಾಯಿತು. ಆದರೆ ಕಣ್ಣಿಗೂ ಕಿವಿಗೂ ಯಾರೂ ಮದ್ದು ಕೊಟ್ಟಿರಲಿಲ್ಲ. ಡಾಕ್ಟರಮ್ಮ ತೆಳ್ಳನೆ ತಗಡಿನ ಹಾಳೆಯಿಂದ ಒಂದು ಚೂರು ಕತ್ತರಿಸಿ, ವಸಡಿನ ಮೇಲಿಟ್ಟು, ಹೆಚ್ಚಾದದ್ದನ್ನು ಸವರಿ ಅಳತೆ ಸರಿಮಾಡಿಕೊಂಡರು. ಆಮೇಲೆ ಅದನ್ನೇ ಅಂಗುಳಿನ ಮೇಲಿಟ್ಟು ಅದರ ಸುತ್ತ ಗೆರೆ ಎಳೆದರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳುವ ಅದೇ ಪೇಪರ್ ಕಟಿಂಗ್! ಟೈಲರಮ್ಮ ಸಂತೋಷ ತಡೆಯಲಾರದೆ ಎರಡೂ ಹೆಬ್ಬೆರಳು ಮೇಲೆತ್ತಿದಳು. ಅಂಚೆಚೀಟಿಗಿಂತ ಚಿಕ್ಕ ಚೂರು ಅಂಗುಳಿನಿಂದ ಹೊರಟು ಕೆಳಗಿನ ವಸಡಿಗೆ ಬಂದಿತು. ಒಂದೊಂದು ಹೊಲಿಗೆಗೂ ದಾರ ಸರ್ರನೆ ಎಳೆದಾಗ ಅವಳು ಭೇಷ್ ಎಂಬಂತೆ ತಲೆದೂಗಿದಳು.

"ಅಕ್ಕ, ದಯವಿಟ್ಟು ತಲೆ ಆಡಿಸ್ಬೇಡಿ," ಎಂದು ಡಾಕ್ಟರಮ್ಮ ಮೂರು ಸಲ ಹೇಳಬೇಕಾಯಿತು.

ಕೊನೆಗೆ ಅಂಗುಳಿನ ಗಾಯಕ್ಕೆ ಮುಚ್ಚಳದ ಹಾಗೆ ತೆಳ್ಳನೆ ಪ್ಲಾಸ್ಟಿಕ್ ತಟ್ಟೆ ಕೂರಿಸಿ ಅವಳನ್ನು ಎಬ್ಬಿಸಿದರು. ಹೊರಗೆ ಕಾಯುತ್ತಿದ್ದ ಅತ್ತೆ ಅದನ್ನು ನೋಡಿ, "ನಿಂಗೂ ಬಂತಾ ಪ್ಲಾಸ್ಟಿಕ್ಕು!" ಎಂದು ಖುಷಿಪಟ್ಟರು.

"ಈಗ ಇಬ್ಬರೂ ಕೇಳಿ," ಎಂದರು ಡಾಕ್ಟರಮ್ಮ, ನಗು ಬಿಟ್ಟು. "ಇದು ಬಟ್ಟೆ ತೇಪೆ ಥರ ಅಲ್ಲ. ಬಟ್ಟೆಯಲ್ಲಿ ತೇಪೆನ ದಾರ ಹಿಡ್ಕೊಂಡಿರುತ್ತೆ. ಇಲ್ಲಿ ದಾರ ಬರೀ ಕಾವಲು. ತುಂಡು ಕೆಳಗಿನ ಮಾಂಸದಿಂದ ರಕ್ತ ಕುಡಿದು ತಾನೇ ಅಂಟ್ಕೋಬೇಕು. ಅದು ಹಿಡಿಯೋವರೆಗೂ ಜರುಗಬಾರದು. ತುಟಿ ಎಳೆದು ನೋಡ್ಬಾರದು, ಅಲ್ಲಿ ಬ್ರಷ್ ಮುಟ್ಟಿಸ್ಬಾರದು, ತಣ್ಣಗೆ ಮೆತ್ತಗೆ ಊಟ ಮಾಡ್ಬೇಕು. ಆಮೇಲೆ ಅಕ್ಕ, ಮಾತು ಬೇಡ. ನಗುನೂ ಬೇಡ. ಜರುಗಿದ್ರೆ ತುಂಡು ಸತ್ತುಹೋಗುತ್ತೆ, ಹಲ್ಲಿನ ಕಥೆ ಮತ್ತೆ ಮೊದಲಿಗೇ ಬರುತ್ತೆ."

ಟೈಲರಮ್ಮನಿಗೆ ಅರ್ಥವಾಯಿತು. ಸ್ವಲ್ಪ ಹೆಚ್ಚಾಗಿಯೇ ಅರ್ಥವಾಯಿತು ಎನ್ನಬೇಕು. ಓಹೋ, ಕಚ್ಚಾ ಹೊಲಿಗೆ! ಪಕ್ಕಾ ಹೊಲಿಗೆ ಬೀಳುವ ತನಕ ಬಟ್ಟೆ ಜರುಗದಿರಲಿ ಎಂದು ಹಾಕುವ ಉದ್ದುದ್ದ ಹೊಲಿಗೆ, ಕೆಲಸ ಮುಗಿದ ಮೇಲೆ ಎಳೆದು ಬಿಸಾಡುವಂಥದ್ದು. ತನಗೆ ಗೊತ್ತಿಲ್ಲದ್ದೇನಿದೆ ಇದರಲ್ಲಿ ಎಂದುಕೊಂಡು ಅವಳು ಮನೆಗೆ ಬಂದಳು.

ಮರುದಿನದಿಂದ ಆ ಬೀದಿಗೆ ಕಿವುಡು ಬಂದಂತಾಯಿತು. ಅಂಗಡಿಯಲ್ಲಿ ಯಂತ್ರದ ಸದ್ದು ಮಾತ್ರ. ಒಳಗೆ ಬಂದವರು ಗಾಬರಿಯಿಂದ, "ಯಾಕೆ, ರೇಡಿಯೋ ಕೆಟ್ಟಿದ್ಯಾ?" ಎಂದು ಕೇಳಿದರೆ ಅತ್ತೆ, "ಬ್ಯಾಟರಿ ತೆಗೆದಿಟ್ಟಿದೀವಿ," ಎನ್ನುತ್ತಿದ್ದರು. ಹೇಳಲೇಬೇಕಾದ್ದನ್ನು ಟೈಲರಮ್ಮ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಬಾಯಿಂದ ಬರುವಷ್ಟು ಮಾತನ್ನು ಕೈಯಿಂದ ಬರೆಯಲು ಹೋಗಿ ಸೀಮೆಸುಣ್ಣ ಬೇಗಬೇಗ ಸವೆಯಿತು. ದಾರ ಕಡಿಯುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಸ್ಟೂಲನ್ನು ಯಂತ್ರದ ಎಡಕ್ಕೆ ಎಳೆದುಕೊಂಡು, ದಾರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಕೂತರು. ಹೊಲಿಗೆ ಮುಗಿದ ಕೂಡಲೇ ಸೊಸೆಯ ಕೈ ಅಭ್ಯಾಸಬಲದಿಂದ ಬಟ್ಟೆಯನ್ನು ಬಾಯಿಗೆತ್ತುತ್ತಿತ್ತು. ಅಷ್ಟರಲ್ಲಿ ಕತ್ತರಿ ನಡುವೆ ಬಂದು ಕಚಕ್ ಎನ್ನುತ್ತಿತ್ತು. "ಈ ಕೆಲಸಕ್ಕೆ ಸಂಬಳ ಯಾರು ಕೊಡ್ತಾರೆ?" ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಿದ್ದರು.

ಮನೆಯಲ್ಲಿ ಇನ್ನೂ ದೊಡ್ಡ ಆಶ್ಚರ್ಯ ಕಾದಿತ್ತು. ಗಂಡ ಮಾತಾಡಲು ಶುರುಮಾಡಿದ! ಮೊದಲ ದಿನ ಊಟದ ಹೊತ್ತಿಗೆ ಅವನು ಆ ಮೌನದಲ್ಲಿ ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಇವತ್ತು ಬಸ್ಸಲ್ಲಿ ಒಬ್ಬರು ಟಿಕೆಟ್ ತಗೊಂಡ್ರು," ಎಂದ. ಅಷ್ಟಕ್ಕೇ ನಿಂತ. ಅತ್ತೆ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಮಗನನ್ನು ನೋಡಿದರು. ಮರುದಿನ ಅವನು ಇಡೀ ಒಂದು ಘಟನೆ ಹೇಳಿದ. ಅದರ ಮರುದಿನ, ಬ್ರೇಕು ಹಾಕಿದಾಗ ಒಬ್ಬರ ವಿಗ್ಗು ಹಾರಿ ಮುಂದಿನ ಸೀಟಿನವರ ತಲೆಯ ಮೇಲೆ ಸರಿಯಾಗಿ ಕೂತದ್ದನ್ನು, ಆ ಎರಡನೆಯವರಿಗೇ ಅದು ಹೆಚ್ಚು ಒಪ್ಪಿದ್ದನ್ನು, ಮುಖದ ಒಂದು ಗೆರೆಯೂ ಅಲುಗದ ಹಾಗೆ ವರ್ಣಿಸಿದ. ಟೈಲರಮ್ಮ ಬಾಯಿಯ ಮೇಲೆ ಎರಡೂ ಕೈ ಒತ್ತಿ ಹಿಡಿದು, ನಗು ಮೇಲೆ ಬರದಂತೆ ಹೊಟ್ಟೆಯಲ್ಲೇ ತಡೆದು, ಎದ್ದು ಅಡುಗೆಮನೆಗೆ ಓಡಿದಳು. ಇಷ್ಟು ವರ್ಷ ಈ ಮನುಷ್ಯ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದ! ಅತ್ತೆ ಸೌಟು ಎತ್ತಿಕೊಂಡು, "ಇನ್ನೊಂದು ಮಾತಾಡಿದ್ರೆ ನೋಡು, ಅವಳ ತೇಪೆ ಕಿತ್ತುಬರುತ್ತೆ!" ಎಂದು ಮಗನನ್ನು ಗದರಿದರು.

ಹೀಗೆ ಎಲ್ಲ ಸುಸೂತ್ರ ನಡೆದಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಒಂದು ಕನ್ನಡಿ ಇತ್ತು. ಹೊಲಿದ ಬಟ್ಟೆ ಹಾಕಿ ನೋಡಿಕೊಳ್ಳುವವರಿಗೆಂದು ಗೋಡೆಗೆ ನಿಲ್ಲಿಸಿದ ಆಳೆತ್ತರದ ಕನ್ನಡಿ. ಅದು ಯಂತ್ರದ ಎದುರಿಗೇ ಇತ್ತು.

ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಮನೆಗೆ ಹೋಗಿದ್ದರು. ಟೈಲರಮ್ಮ ಒಬ್ಬಳೇ. ಮಾತಿಲ್ಲ, ಕಥೆಯಿಲ್ಲ, ಎದುರಿಗೆ ಕನ್ನಡಿ. ಒಂದೇ ಒಂದು ಸಲ ನೋಡಿದರೆ ಏನಾಗುತ್ತದೆ? ತನ್ನದೇ ತುಟಿ ತಾನೇ! ಅವಳು ಎದ್ದು ಹೋಗಿ ಕೆಳತುಟಿಯನ್ನು ಮೆಲ್ಲಗೆ ಕೆಳಕ್ಕೆಳೆದಳು. ತೇಪೆ ಕಂಡಿತು! ಸ್ವಲ್ಪ ಬೆಳ್ಳಗೆ, ಸ್ವಲ್ಪ ಊದಿಕೊಂಡು, ಆದರೆ ಎಷ್ಟು ಅಚ್ಚುಕಟ್ಟಾಗಿ ಕೂತಿದೆ! ಹೆಮ್ಮೆಯಿಂದ ಅವಳ ಕಣ್ಣು ಅರಳಿತು. ಆಗ ಅದು ಕಣ್ಣಿಗೆ ಬಿತ್ತು. ಒಂದು ಮೂಲೆಯ ಗಂಟಿನಿಂದ ಹೊರಗೆ ಚಾಚಿಕೊಂಡಿದ್ದ ಕರೀ ದಾರದ ತುದಿ.

ಬೇರೆ ಯಾರಾದರೂ ಆಗಿದ್ದರೆ ತುಟಿ ಮುಚ್ಚಿಕೊಂಡು ಸುಮ್ಮನೆ ಹೋಗಿ ಕೂರುತ್ತಿದ್ದರು. ಆದರೆ ನೇತಾಡುವ ದಾರ ಕಂಡ ಟೈಲರಿನ ಕೈ ಯಾರ ಮಾತೂ ಕೇಳುವುದಿಲ್ಲ. ಎದುರಿಗೆ ನಿಂತು ಮಾತಾಡುತ್ತಿರುವವರ ತೋಳಿನಿಂದ, ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಕಾಲರಿನಿಂದ ಅವಳು ದಾರ ಕಿತ್ತಿದ್ದುಂಟು. ಹಾಗೆ ಬಿಟ್ಟರೆ ಅಂಗಡಿಗೆ ಕೆಟ್ಟ ಹೆಸರು. ಅದೂ ಅಲ್ಲದೆ ಇದು ಕಚ್ಚಾ ಹೊಲಿಗೆ! ಪುಟ್ಟ ಕತ್ತರಿ ಅತ್ತೆಯ ಸ್ಟೂಲಿನ ಮೇಲೆಯೇ ಇತ್ತು. ಟೈಲರಮ್ಮ ದಾರದ ತುದಿಯನ್ನು ಎರಡು ಉಗುರಿನ ನಡುವೆ ಹಿಡಿದಳು. ಬಟ್ಟೆಯಲ್ಲಿ ದಾರದ ತುಣುಕು ಹೊರಗೆ ಕಾಣದಿರಲೆಂದು ಬಿಗಿಯಾಗಿ ಎಳೆದು ಬುಡದಲ್ಲೇ ಕತ್ತರಿಸುತ್ತಾರಲ್ಲ, ಹಾಗೆಯೇ ಎಳೆದು, ಬುಡದಲ್ಲೇ ಕಚಕ್ ಎನ್ನಿಸಿದಳು.

ಬುಡ ಎಂದರೆ ಗಂಟಿನ ಕೆಳಗೆ. ಗಂಟು ಕೈಗೆ ಬಂತು. ಅದರ ಹಿಂದೆಯೇ ಹೊಲಿಗೆಯ ದಾರ ನುಣ್ಣಗೆ ಜಾರಿ ಬಂತು. ತೇಪೆಯ ಮೂಲೆ ಮೆಲ್ಲಗೆ ಮೇಲೆದ್ದಿತು, ಅದರಡಿಯಿಂದ ಒಂದು ಹನಿ ರಕ್ತ ಇಣುಕಿತು.

ಟೈಲರಮ್ಮ ತುಟಿ ಬಿಟ್ಟು ಹಿಂದೆ ಸರಿದಳು. ಕಿರುಚುವಂತಿಲ್ಲ, ಅಳುವಂತಿಲ್ಲ, ಯಾರನ್ನೂ ಕೂಗುವಂತಿಲ್ಲ. ಊಟ ಮುಗಿಸಿ ಬಂದ ಅತ್ತೆಗೆ ಕಂಡದ್ದು, ಬಿಳುಚಿದ ಮುಖದ ಸೊಸೆ ಮತ್ತು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡೇ ಪದ: ದಾರ ಕತ್ತರಿಸಿಬಿಟ್ಟೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಅಂಗಡಿಯ ಬಾಗಿಲೆಳೆದು, ಸೊಸೆಯ ಮುಂಗೈ ಹಿಡಿದು, ಆ ವಯಸ್ಸಿನಲ್ಲಿ ಯಾರೂ ನಡೆಯದ ವೇಗದಲ್ಲಿ ಬೀದಿಯುದ್ದಕ್ಕೂ ನಡೆದರು. ಆಸ್ಪತ್ರೆಯಲ್ಲಿ ಕಾಯುತ್ತಿದ್ದವರಿಗೆ, "ನಿಮ್ಮ ಹಲ್ಲು ಎಲ್ಲೂ ಓಡಿಹೋಗಲ್ಲ, ಕೂತ್ಕೊಳ್ಳಿ," ಎಂದು ಹೇಳಿ ನೇರ ಒಳಗೇ ನುಗ್ಗಿದರು.

ಡಾಕ್ಟರಮ್ಮ ನೋಡಿದರು. ಒದ್ದೆ ಬಟ್ಟೆಯ ತುಣುಕಿನಿಂದ ತೇಪೆಯನ್ನು ಒತ್ತಿ ಹಿಡಿದು, ಉಳಿದ ಹೊಲಿಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

"ಉಳಿದ ಹೊಲಿಗೆ ಗಟ್ಟಿ ಇದೆ. ಈ ಮೂಲೆ ಮಾತ್ರ ಎದ್ದಿದೆ. ಇನ್ನೊಂದು ಹೊಲಿಗೆ ಹಾಕ್ತೀನಿ," ಎಂದರು. "ಆದ್ರೆ ಹಿಡಿಯುತ್ತೆ ಅಂತ ಮಾತು ಕೊಡೋಕಾಗಲ್ಲ ಅಕ್ಕ."

"ಹಿಡೀದಿದ್ರೆ?" ಎಂದರು ಅತ್ತೆ.

"ತುಂಡು ಬಿದ್ದುಹೋಗುತ್ತೆ. ಅಂಗುಳು ವಾಸಿಯಾದ ಮೇಲೆ ಮತ್ತೆ ಅಲ್ಲಿಂದಾನೇ ತೆಗೀಬೇಕು. ಅಲ್ಲಿ ತನಕ ಹಲ್ಲು ತಡೀಬೇಕು."

ಅತ್ತೆ ಬಾಯಿಗೆ ಕೈಹಾಕಿ ಮೇಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡು, ಡಾಕ್ಟರಮ್ಮನ ದೀಪದ ಕೆಳಗೆ ಹೋಗಿ ಬಾಯಿ ತೆರೆದು ನಿಂತರು. ಹಲ್ಲಿಲ್ಲದ ಮಾತು ಗಾಳಿಯ ಜೊತೆ ಹೊರಬಂತು.

"ಮತ್ತೆ ಅವಳದ್ದು ಯಾಕೆ ಕುಯ್ತೀರಾ? ನನ್ನ ಅಂಗುಳಿಂದ ತಗೊಳ್ಳಿ. ಈಗ್ಲೇ ತಗೊಳ್ಳಿ. ನಂಗೆ ಅದ್ರಿಂದ ಏನಾಗ್ಬೇಕಿದೆ, ಹೆಂಗೂ ಮೇಲೆ ಪ್ಲಾಸ್ಟಿಕ್ ಕೂತ್ಕೊಳ್ಳುತ್ತೆ."

"ಅಜ್ಜಿ, ಹಾಗೆಲ್ಲ ಆಗಲ್ಲ. ಒಬ್ಬರ ಅಂಗುಳಿಂದು ಇನ್ನೊಬ್ಬರಿಗೆ ಹಿಡಿಯಲ್ಲ."

"ಯಾಕೆ ಹಿಡಿಯಲ್ಲ? ನಾನೇನು ಹೊರಗಿನೋಳಾ? ಅತ್ತೆ ನಾನು!" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ಹಲ್ಲಲ್ಲಿ ದಾರ ಕಡಿಯೋದು ಕಲಿಸಿದ್ದು ನಾನು ಡಾಕ್ಟ್ರೇ. ಅವಳು ಪಾಪ ಕತ್ತರಿ ಹುಡುಕ್ತಾ ಇದ್ಲು," ಎಂದರು.

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಟೈಲರಮ್ಮನಿಗೆ ಇದೆಲ್ಲ ಕೇಳಿಸಿತು. ನಗುವಂತಿರಲಿಲ್ಲ, ಅಳುವಂತಿರಲಿಲ್ಲ. ತುಟಿಯನ್ನು ಅಲುಗದ ಹಾಗೆ ಹಿಡಿದಳು. ಕಣ್ಣೀರು ಮಾತ್ರ ಕೇಳಲಿಲ್ಲ, ಎರಡೂ ಕಡೆ ಇಳಿದು ಕಿವಿ ತುಂಬಿತು. ಅವಳು ಕೈಚಾಚಿ ಅತ್ತೆಯ ಬೆರಳು ಹಿಡಿದುಕೊಂಡಳು, ಹೊಸ ಹೊಲಿಗೆ ಬಿದ್ದು ಮುಗಿಯುವ ತನಕ ಬಿಡಲಿಲ್ಲ.

ಅಲ್ಲಿಂದಾಚೆಗೆ ಅಂಗಡಿಯಲ್ಲಿ ಅತ್ತೆಯದೇ ಕಾನೂನು. ಕನ್ನಡಿಗೆ ಲೈನಿಂಗ್ ಬಟ್ಟೆ ಹೊದಿಸಿದರು. ಬಟ್ಟೆ ಹಾಕಿ ನೋಡಲು ಬಂದವರಿಗೆ, "ಕನ್ನಡಿ ಬೇಡ, ನಾನು ಹೇಳ್ತೀನಿ. ಚೆನ್ನಾಗಿದೆ, ಹೋಗಿ," ಎಂದು ಕಳಿಸಿದರು. ಪುಟ್ಟ ಕತ್ತರಿಗೆ ಟೇಪು ಕಟ್ಟಿ ತಮ್ಮ ಕೊರಳಿಗೇ ನೇತುಹಾಕಿಕೊಂಡರು, ಊಟಕ್ಕೆ ಹೋದರೂ ಅದು ಅವರ ಜೊತೆಗೇ. ಟೈಲರಮ್ಮ ಕಲ್ಲಿನ ಹಾಗೆ ಕೂತು ಹೊಲಿದಳು. ತೇಪೆ ಇನ್ನೂ ಅಲ್ಲೇ ಇದೆಯೇ ಎಂದು ನಾಲಗೆಯ ತುದಿಯಿಂದ ಮುಟ್ಟಿ ನೋಡಬೇಕೆಂಬ ಆಸೆ ಗಳಿಗೆಗೊಮ್ಮೆ ಬರುತ್ತಿತ್ತು. ನಾಲಗೆಯನ್ನು ಹಲ್ಲಿನ ಹಿಂದೆ ಅವಚಿಟ್ಟುಕೊಂಡು, ಹಿಡಿ, ಹಿಡಿ, ಹಿಡಿದುಕೋ ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳುತ್ತಾ ಯಂತ್ರ ತುಳಿದಳು. ಗಂಡನೂ ಊಟದ ಹೊತ್ತಿಗೆ ಬರೀ ದುಃಖದ ಕಥೆಗಳನ್ನೇ ಆರಿಸಿ ಹೇಳತೊಡಗಿದ.

ಹೊಲಿಗೆ ಬಿಚ್ಚುವ ದಿನ ಮೂವರೂ ಹೋದರು. ಗಂಡ ಬಸ್ಸಿಗೆ ರಜೆ ಹಾಕಿದ್ದ. ಡಾಕ್ಟರಮ್ಮ ದೀಪವನ್ನು ಹತ್ತಿರಕ್ಕೆಳೆದು ತುಟಿ ಸರಿಸಿದರು. ಕಚಕ್. ಒಂದು ದಾರ ಬಂತು. ಕಚಕ್. ಇನ್ನೊಂದು. ಟೈಲರಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದು ದಾರವೂ ಹೊರಡುವುದನ್ನು ಕೇಳಿದಳು. ಕಾವಲು ಪೂರ್ತಿ ಹೋಯಿತು. ಇನ್ನು ತೇಪೆ ತಾನಾಗಿ ನಿಲ್ಲಬೇಕು, ಇಲ್ಲವೇ ಬೀಳಬೇಕು. ಡಾಕ್ಟರಮ್ಮ ಸಣ್ಣ ಕಡ್ಡಿಯೊಂದರಿಂದ ತೇಪೆಯ ಮೂಲೆಯನ್ನು ಒತ್ತಿದರು, ಪಕ್ಕಕ್ಕೆ ನೂಕಿದರು, ಹೊಲಿಗೆ ಕತ್ತರಿಸಿಹೋಗಿದ್ದ ಆ ಮೂಲೆಯನ್ನು ಮತ್ತೊಮ್ಮೆ ನೂಕಿದರು.

"ಅಕ್ಕ!" ಎಂದರು. ಅವರ ದನಿಯಲ್ಲೇ ಎಲ್ಲವೂ ಇತ್ತು. "ಹಿಡಿದಿದೆ! ಪೂರ್ತಿ ಹಿಡಿದಿದೆ! ನೋಡಿ, ಕೆಂಪಾಗಿದೆ, ರಕ್ತ ಓಡ್ತಿದೆ! ಹಲ್ಲು ಗಟ್ಟಿ ನಿಂತಿದೆ!"

ಕನ್ನಡಿ ಕೊಟ್ಟರು. ಹಳದಿ ಬೇರು ಮುಚ್ಚಿಹೋಗಿತ್ತು. ಅದರ ಮೇಲೆ ಅಂಗುಳಿನ ತೇಪೆ ಎಳೆಗುಲಾಬಿ ಬಣ್ಣದಲ್ಲಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಗಂಡ ಬಾಗಿ ನೋಡಿ, "ಹೂಂ!" ಎಂದ. ಅವನ 'ಹೂಂ' ಅಷ್ಟು ಜೋರಾಗಿ ಯಾವತ್ತೂ ಬಂದಿರಲಿಲ್ಲ.

"ಈಗ ಮಾತಾಡ್ಬಹುದು," ಎಂದರು ಡಾಕ್ಟರಮ್ಮ, ಒಂದು ಹೆಜ್ಜೆ ಹಿಂದೆ ಸರಿದು. ಇಷ್ಟು ದಿನ ಕಟ್ಟೆಯೊಳಗೆ ನಿಂತಿದ್ದ ನೀರು ಒಮ್ಮೆಲೇ ನುಗ್ಗುತ್ತದೆಂದು ಎಲ್ಲರೂ ಕಾದರು. ಟೈಲರಮ್ಮ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ನಿಮ್ಮ ಅಂಗುಳು ನಿಮ್ಮ ಹತ್ರಾನೇ ಇರ್ಲಿ," ಎಂದಳು. ಬಂದದ್ದು ಅಷ್ಟೇ.

"ಇರ್ಲಿ ಇರ್ಲಿ. ಮತ್ತೆ ಏನಾದ್ರೂ ಕತ್ತರಿಸ್ಕೊಂಡ್ರೆ ಬೇಕಾಗುತ್ತೆ," ಎಂದು ಅತ್ತೆ ಮೂಗು ಒರೆಸಿಕೊಂಡರು.

ಸಂಜೆಯ ಹೊತ್ತಿಗೆ ಅಂಗಡಿ ತುಂಬಿಹೋಗಿತ್ತು. ರೇಡಿಯೋ ಮತ್ತೆ ಶುರುವಾಗಿದೆ ಎಂದು ಬೀದಿಯ ತುದಿಯ ತನಕ ಗೊತ್ತಾಗಿ, ಹೊಲಿಸುವ ಕೆಲಸ ಇಲ್ಲದವರೂ ಬಂದರು. ಟೈಲರಮ್ಮ ಕಣ್ಣಿಲ್ಲದ ಸೂಜಿಯಿಂದ ಹಿಡಿದು ವಿಗ್ಗಿನ ಕಥೆಯ ತನಕ ಎಲ್ಲವನ್ನೂ ಉಸಿರುಬಿಡದೆ ಹೇಳಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಎರಡನೆಯ ಸಲ ಬಂದವರಿಗೆ ಮತ್ತೆ ಮೊದಲಿಂದ ಹೇಳಿದಳು. ಬ್ಯಾಂಕಿನವರು ಮರೆತಿದ್ದ ಪ್ಯಾಂಟನ್ನು ಆ ದಿನ ತೆಗೆದುಕೊಂಡು ಹೋದರು.

ಅತ್ತೆ ಕೊರಳಿನಿಂದ ಪುಟ್ಟ ಕತ್ತರಿ ತೆಗೆದು, ಟೇಪಿನ ಸಮೇತ ಸೊಸೆಯ ಕೊರಳಿಗೆ ಹಾಕಿದರು.

"ತಗೋ. ಇದು ಇಲ್ಲೇ ನೇತಾಡ್ತಿರುತ್ತೆ, ಹುಡುಕೋ ಕೆಲಸ ಇಲ್ಲ. ಇನ್ನು ನನ್ನನ್ನ ನನ್ನ ಮೂಲೆಗೆ ಬಿಡು," ಎಂದು ಸ್ಟೂಲು ಎತ್ತಿಕೊಳ್ಳಲು ಬಗ್ಗಿದರು.

ಟೈಲರಮ್ಮ ಸೀಟಿನಂಚಿನಿಂದಲೇ ಕಾಲು ಚಾಚಿ ಸ್ಟೂಲಿನ ಕಾಲಿಗೆ ಅಡ್ಡ ಇಟ್ಟಳು. ಮಾತು ನಿಲ್ಲಿಸಲಿಲ್ಲ, ಕತ್ತೆತ್ತಿಯೂ ನೋಡಲಿಲ್ಲ. ತೋಳಿನ ಹೊಲಿಗೆ ಮುಗಿಯಿತು. ಕೈ ತಾನಾಗಿ ಬಟ್ಟೆಯನ್ನು ಬಾಯಿಯ ಕಡೆ ಎತ್ತಿತು, ಅರ್ಧದಲ್ಲಿ ನಿಂತಿತು. ಕತ್ತರಿ ಅವಳ ಎದೆಯ ಮೇಲೆಯೇ ತೂಗುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಕೊರಳನ್ನು ಎಡಕ್ಕೆ ಬಾಗಿಸಿ, ಬಟ್ಟೆಯನ್ನೂ ಎಡಕ್ಕೆ ಚಾಚಿ ಹಿಡಿದು ಕಥೆ ಮುಂದುವರಿಸಿದಳು. ಅತ್ತೆ ಅವಳ ಕೊರಳಲ್ಲಿದ್ದ ಕತ್ತರಿಯನ್ನು ಹಿಡಿದು ದಾರ ಕತ್ತರಿಸಿ, "ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿ, ಅಲ್ಲೇ ಸ್ಟೂಲಿನ ಮೇಲೆ ಕೂತರು.